ಅರ್ಥ ಸಿಗುತ್ತದೆ, ಸಂದರ್ಭ ಸಿಗುವುದಿಲ್ಲ: ಇಂಗ್ಲಿಷ್ ನುಡಿಗಟ್ಟುಗಳ ಒಂದು ಆ್ಯಪ್

ಇಂಗ್ಲಿಷ್ ನುಡಿಗಟ್ಟುಗಳನ್ನು ದಿನಕ್ಕೊಂದರಂತೆ ಕನ್ನಡದ ಅರ್ಥದೊಡನೆ ಕಲಿಸುವ ಆ್ಯಪೊಂದನ್ನು ಮೂರು ತಿಂಗಳಿಂದ ಬಳಸುತ್ತಿದ್ದೇನೆ. ಒಂದೊಂದು ಪದವೂ ಗೊತ್ತಿದ್ದು ವಾಕ್ಯ ಮಾತ್ರ ಅರ್ಥವಾಗದ ಪೇಚು ಓದುವಾಗ ಮತ್ತೆ ಮತ್ತೆ ಎದುರಾಗುತ್ತಿದ್ದುದರಿಂದ ಇದನ್ನು ಹಾಕಿಕೊಂಡೆ. ಆ ಮಟ್ಟಿಗೆ ಇದು ಕೆಲಸಕ್ಕೆ ಬಂದಿದೆ.

ಇದನ್ನು ಸಿದ್ಧಪಡಿಸಿದವರು ಪದಕ್ಕೆ ಪದವಿಡುವ ಗೋಜಿಗೆ ಹೋಗದೆ, ಅದೇ ಕೆಲಸ ಮಾಡುವ ನಮ್ಮ ಮಾತನ್ನು ಹುಡುಕಿ ಕೊಟ್ಟಿರುವುದು ಮೆಚ್ಚತಕ್ಕದ್ದು. ‘ಪೀಸ್ ಆಫ್ ಕೇಕ್’ ಎಂದರೆ ನೀರು ಕುಡಿದಷ್ಟು ಸುಲಭ, ‘ಬೀಟ್ ಅರೌಂಡ್ ದ ಬುಶ್’ ಎಂದರೆ ಸುತ್ತಿ ಬಳಸಿ ಮಾತನಾಡು, ಹಂದಿಗಳ ಮುಂದೆ ಮುತ್ತು ಚೆಲ್ಲುವ ಮಾತಿಗೆ ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಎಂದು ಓದಿದ ಮೇಲೆ ಮರೆಯುವುದೇ ಕಷ್ಟ.

ತೊಡಕಿರುವುದು ಬಳಕೆಯ ವಿಚಾರದಲ್ಲಿ. ‘ಕಿಕ್ ದ ಬಕೆಟ್’ ಎಂಬುದಕ್ಕೆ ‘ಸಾಯು’ ಎಂದಷ್ಟೇ ಬರೆದು ಮುಂದೆ ಸಾಗಿದ್ದಾರೆ. ಅರ್ಥವೇನೋ ಸರಿ, ಆದರೆ ಅದು ತಮಾಷೆಯ, ಸ್ವಲ್ಪ ಒರಟಾದ ಮಾತು. ಇದನ್ನು ನಂಬಿ ಸಂತಾಪಪತ್ರದಲ್ಲಿ ಬಳಸಿದವರ ಸ್ಥಿತಿ, ‘ತಮ್ಮ ತಂದೆಯವರು ಗೊಟಕ್ ಎಂದರೆಂದು ತಿಳಿದು ದುಃಖವಾಯಿತು’ ಎಂದು ಬರೆದವರ ಸ್ಥಿತಿಗಿಂತ ಭಿನ್ನವಾಗಿರಲಾರದು. ಯಾರು, ಯಾರೊಡನೆ, ಯಾವಾಗ ಆಡುವ ಮಾತು ಎಂಬುದನ್ನು ಒಂದು ಸಾಲಿನಲ್ಲಾದರೂ ಹೇಳಬೇಕಿತ್ತು.

ಕನ್ನಡದಲ್ಲೂ ಅದೇ ರೂಪದಲ್ಲಿ ಕಾಣುವ ನುಡಿಗಟ್ಟುಗಳು ಇನ್ನೂ ಅಪಾಯಕಾರಿ. ‘ಪುಲ್ ಸಮ್‌ಒನ್ಸ್ ಲೆಗ್’ ಎಂಬುದರ ಮುಂದೆ ‘ಕಾಲೆಳೆ’ ಎಂದಿದೆ. ನಾವು ಗೆಳೆಯನನ್ನು ಗೇಲಿ ಮಾಡುವುದನ್ನೂ ಕಾಲೆಳೆಯುವುದು ಎನ್ನುತ್ತೇವೆ, ಮೇಲೇರುತ್ತಿರುವವನನ್ನು ಹೊಟ್ಟೆಕಿಚ್ಚಿನಿಂದ ಕೆಳಗಿಳಿಸುವುದನ್ನೂ ಹಾಗೆಯೇ ಹೇಳುತ್ತೇವೆ. ಇಂಗ್ಲಿಷಿನಲ್ಲಿ ಮಾತ್ರ ಅದು ನಗೆಗಾಗಿ ಸುಳ್ಳು ಹೇಳಿ ನಂಬಿಸುವುದಷ್ಟೇ. ಸಹೋದ್ಯೋಗಿಯ ಮೇಲೆ ದೂರು ಬರೆಯುವವರು ಈ ವ್ಯತ್ಯಾಸ ಅರಿಯದಿದ್ದರೆ ದೂರೇ ತಮಾಷೆಯಾಗಿ ಕಂಡೀತು.

ಸಣ್ಣ ವಿಷಯಕ್ಕೆ ದೊಡ್ಡ ಗದ್ದಲವೆಬ್ಬಿಸುವುದಕ್ಕೆ ಬ್ರಿಟನ್ನಿನವರು ‘ಸ್ಟಾರ್ಮ್ ಇನ್ ಎ ಟೀಕಪ್’ ಎನ್ನುವುದನ್ನೇ ಅಮೆರಿಕದವರು ‘ಟೆಂಪೆಸ್ಟ್ ಇನ್ ಎ ಟೀಪಾಟ್’ ಎನ್ನುತ್ತಾರೆಂಬ ಸೂಚನೆಯೂ ಇಲ್ಲ, ಆದರೆ ಇದು ಸಣ್ಣ ಕೊರತೆ.

ನನಗೆ ನಿಜಕ್ಕೂ ಬೇಸರ ತಂದದ್ದು ‘ಹುಟ್ಟಿದ ಕಥೆ’ ಎಂಬ ವಿಭಾಗ. ಹುಲ್ಲಿನ ಸೂರಿನಲ್ಲಿ ಮಲಗುತ್ತಿದ್ದ ಬೆಕ್ಕು ನಾಯಿಗಳು ಜೋರು ಮಳೆಗೆ ಜಾರಿ ಬೀಳುತ್ತಿದ್ದುದರಿಂದ ಧಾರಾಕಾರ ಮಳೆಗೆ ‘ರೈನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ಎಂಬ ಮಾತು ಬಂತೆಂದು ಅಲ್ಲಿ ಬರೆದಿದೆ. ಇದು 1999ರ ಸುಮಾರಿಗೆ ಇ-ಮೇಲುಗಳಲ್ಲಿ ಹರಿದಾಡಿದ ಕಟ್ಟುಕಥೆ. ಲೇಖಕ ಜೊನಾಥನ್ ಸ್ವಿಫ್ಟ್ 1738ರಲ್ಲಿ ಅಚ್ಚಾದ ತನ್ನ ಸಂಭಾಷಣೆಗಳಲ್ಲಿ ಈ ಮಾತನ್ನು ಬಳಸಿದ್ದು ದಾಖಲಾಗಿದೆ, ಆದರೆ ಅದರ ಮೂಲ ಇಂದಿಗೂ ಇತ್ಯರ್ಥವಾಗಿಲ್ಲ. ಕೊನೆಗಳಿಗೆಯಲ್ಲಿ ಪಾರಾಗುವುದಕ್ಕೆ ಹೇಳುವ ‘ಸೇವ್ಡ್ ಬೈ ದ ಬೆಲ್’ ಎಂಬುದನ್ನು, ಜೀವಂತ ಸಮಾಧಿಯಾದವರು ಗೋರಿಯೊಳಗಿಂದ ಬಾರಿಸುವ ಗಂಟೆಯ ಕಥೆಗೆ ಕಟ್ಟಿದ್ದಾರೆ. ಅದು ಬಂದದ್ದು ಬಾಕ್ಸಿಂಗ್ ಕಣದಿಂದ, ಸುತ್ತು ಮುಗಿದ ಗಂಟೆ ಮೊಳಗಿದ್ದರಿಂದ ಸೋಲಿನಿಂದ ಪಾರಾದವನ ಕುರಿತ ಮಾತಾಗಿ.

ಐದಕ್ಕೆ ಮೂರು ಅಂಕ ಕೊಡುತ್ತೇನೆ. ಕನ್ನಡದ ಸಮಾನ ಮಾತುಗಳಿಗಾಗಿ ಆ್ಯಪನ್ನು ಉಳಿಸಿಕೊಂಡಿದ್ದೇನೆ. ಪತ್ರದಲ್ಲಿ ಬಳಸುವ ಮುನ್ನ ಮಾತ್ರ ಒಳ್ಳೆಯ ನಿಘಂಟೊಂದನ್ನು ತೆರೆದು, ಆ ನುಡಿಗಟ್ಟಿನ ಪಕ್ಕದಲ್ಲಿ ‘ಆಡುಮಾತು’ ಎಂಬ ಗುರುತಿದೆಯೇ ಎಂದು ನೋಡಿಕೊಳ್ಳುತ್ತೇನೆ.