ಹಾರ್ಪರ್ಸ್ ಫೆರಿಯ ಗುಂಡು ಅಂತ ಮಾರುವವರ ಹತ್ತಿರ ಹುಷಾರು

ವರ್ಜೀನಿಯಾ, ಮೇರಿಲ್ಯಾಂಡ್ ಕಡೆ ಇರುವ ನಮ್ಮವರು ಶನಿವಾರ ಭಾನುವಾರ ಪಕ್ಕದ ವೆಸ್ಟ್ ವರ್ಜೀನಿಯಾದ ಹಳೇ ಊರು ಹಾರ್ಪರ್ಸ್ ಫೆರಿ ನೋಡಲು ಹೋಗುವುದು ಜಾಸ್ತಿ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುಲಾಮಗಿರಿ ಕೊನೆಗಾಣಿಸಲು ಜಾನ್ ಬ್ರೌನ್ ಅನ್ನುವವರು 1859ರಲ್ಲಿ ಜನ ಕಟ್ಟಿಕೊಂಡು ಅಲ್ಲಿನ ಸರ್ಕಾರಿ ಶಸ್ತ್ರಾಗಾರದ ಮೇಲೆ ದಾಳಿ ಮಾಡಿದ್ದರು. ಆ ದಂಗೆಯ ಗುಂಡು ಅಂತ ಯಾರಾದರೂ ತೋರಿಸಿದರೆ ದುಡ್ಡು ಕೊಡಬೇಡಿ.

ನಾನು ಆನ್‌ಲೈನ್‌ನಲ್ಲಿ ಒಬ್ಬ ಹಳೆ ಸಾಮಾನಿನ ವ್ಯಾಪಾರಿಯಿಂದ ತರಿಸಿದ್ದೆ. ಬೆಳ್ಳಗೆ ಬೂದಿ ಹಿಡಿದ ಸೀಸದ ಗುಂಡು, ಜೊತೆಗೆ ಇದು 1859ರ ಅಕ್ಟೋಬರ್‌ನಲ್ಲಿ ಬ್ರೌನ್ ಕಡೆಯವರು ಹಾರಿಸಿದ್ದು ಅನ್ನುವ ಪ್ರಮಾಣಪತ್ರ. ಅದಕ್ಕೆ ಸಹಿ ಹಾಕಿದವನು ಆ ವ್ಯಾಪಾರಿಯೇ! ಗುಂಡಿನ ಸುತ್ತ ಮೂರು ಗೀರು, ತಳ ಟೊಳ್ಳು, ಅಡ್ಡಗಲ ಅಳೆದರೆ 14.6 ಮಿಲಿಮೀಟರ್. ಬ್ರೌನ್ ಜನರ ಕೈಯಲ್ಲಿದ್ದದ್ದು ಶಾರ್ಪ್ಸ್ ಕಾರ್ಬೈನ್ ಅನ್ನುವ ಗಿಡ್ಡ ಬಂದೂಕು, ಅದರ ನಳಿಕೆಯ ಒಳ ಅಗಲವೇ ಸುಮಾರು 13 ಮಿಲಿಮೀಟರ್. ಹೊಂದುವುದು ಹೇಗೆ? ನನಗೆ ಬಂದದ್ದು ಮಿನಿಯೇ ಅನ್ನುವ ಬಗೆಯ ಗುಂಡು, 1861ರಿಂದ 65ರ ಅಮೆರಿಕದ ಅಂತರ್ಯುದ್ಧದಲ್ಲಿ ಸೈನಿಕರು ಎಣಿಕೆಯಿಲ್ಲದಷ್ಟು ಹಾರಿಸಿದ್ದು. ಆ ಯುದ್ಧದಲ್ಲಿ ಈ ಊರು ಮತ್ತೆ ಮತ್ತೆ ಕೈ ಬದಲಾಯಿಸಿತು, ಅಲ್ಲಿನ ಮಣ್ಣಲ್ಲಿ ಸೀಸಕ್ಕೇನೂ ಬರವಿಲ್ಲ. ದುಡ್ಡು ವಾಪಸ್ ಕೇಳಿದೆ, ಹಳೆ ವಸ್ತುಗಳಿಗೆ ವಾಪಸಾತಿ ಇಲ್ಲ ಅಂದುಬಿಟ್ಟ. ಆಮೇಲೆ ನೋಡಿದರೆ ಅದೇ ಒಕ್ಕಣೆಯ ಪತ್ರದ ಜೊತೆ ಇನ್ನೊಂದು ಗುಂಡು ಮಾರಾಟಕ್ಕಿತ್ತು.

ನನಗೆ ಸಿಟ್ಟು ಬಂದದ್ದು ದುಡ್ಡಿಗಿಂತ ಬೇರೆ ಕಾರಣಕ್ಕೆ. ಆ ದಂಗೆಯಲ್ಲಿ ಬ್ರೌನ್ ಜೊತೆ ಇದ್ದವರು 21 ಜನ, ಅವರಲ್ಲಿ ಐವರು ಕರಿಯರು. ಡೇಂಜರ್‌ಫೀಲ್ಡ್ ನ್ಯೂಬಿ ಅನ್ನುವವರು ಸ್ವತಂತ್ರರಾಗಿದ್ದರು, ಆದರೆ ಹೆಂಡತಿ ಹ್ಯಾರಿಯೆಟ್ ಮತ್ತು ಮಕ್ಕಳು ಇನ್ನೂ ವರ್ಜೀನಿಯಾದಲ್ಲಿ ಗುಲಾಮರು. ನನ್ನನ್ನು ಬೇಗ ಬಂದು ಬಿಡಿಸು, ಇಲ್ಲದಿದ್ದರೆ ಬೇರೆ ಯಾರಿಗೋ ಮಾರಿಬಿಡುತ್ತಾರೆ ಅಂತ ಆಕೆ ಬರೆದ ಕಾಗದಗಳು ಉಳಿದಿವೆ. ದಂಗೆಕೋರರಲ್ಲಿ ಮೊದಲು ಸತ್ತದ್ದು ನ್ಯೂಬಿಯೇ. ಅವರಿಗೆ ಬಡಿದದ್ದು ಸೀಸದ ಗುಂಡೂ ಅಲ್ಲ, ಬಂದೂಕಿಗೆ ತುಂಬಿದ ಉದ್ದನೆಯ ಕಬ್ಬಿಣದ ಮೊಳೆ ಅನ್ನುತ್ತಾರೆ. ಇಂಥವರ ಹೆಸರು ಅಂಟಿಸಿ ಸುಳ್ಳು ಸೀಸ ಮಾರುವುದು ಅನ್ಯಾಯ ಅಲ್ವಾ?

ಬಿಳಿ ಬೂದಿ ನೋಡಿ ಹಳೆಯದು ಅಂತ ನಂಬಬೇಡಿ, ವಿನೆಗರ್‌ನಿಂದಲೂ ಸೀಸಕ್ಕೆ ಅದು ಬರುತ್ತದೆ. ಮುಟ್ಟಿದರೆ ಕೈ ತೊಳೆಯಿರಿ, ಮಕ್ಕಳ ಕೈಗಂತೂ ಕೊಡಲೇಬೇಡಿ. ನಿಜವಾದ ಶಾರ್ಪ್ಸ್ ಗುಂಡೇ ಸಿಕ್ಕರೂ ಸಾಲದು, ಅಂತರ್ಯುದ್ಧದ ಕುದುರೆ ಸವಾರರೂ ಶಾರ್ಪ್ಸ್ ಹಿಡಿದಿದ್ದರು. ಯಾರು ಎತ್ತಿಕೊಂಡರು, ಆಮೇಲೆ ಯಾರ ಮನೆಯಲ್ಲಿತ್ತು ಅನ್ನುವುದಕ್ಕೆ ಆ ಕಾಲದಿಂದ ಬಂದ ಬರಹ ಬೇಕು. ಹಾರ್ಪರ್ಸ್ ಫೆರಿಯ ಪಾರ್ಕಿನ ಜಾಗದಲ್ಲೇ ಅಗೆದು ತೆಗೆದದ್ದು ಅಂದರೆ ಅಲ್ಲಿಗೇ ಮಾತು ಮುಗಿಸಿ. ರಾಷ್ಟ್ರೀಯ ಉದ್ಯಾನದಲ್ಲಿ ಹಾಗೆ ಅಗೆಯುವುದು ಅಪರಾಧ.