ಎರಡೇ ಸಲ ದಾರಿ ಕೇಳಿದೆ: ಬೆಂಗಳೂರು ವಿಮಾನ ನಿಲ್ದಾಣದ ಟರ್ಮಿನಲ್ 2

ನಾನು 31 ವರ್ಷ ಬಸ್ಸಿನ ಕೆಲಸ ಮಾಡಿದವನು. ಮೊದಲು ಕಂಡಕ್ಟರ್, ಆಮೇಲೆ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ಗೂಡಿನಂಥ ಕೋಣೆಯಲ್ಲಿ ಕೂತು, ಮೈಕ್ ಹಿಡಿದು, ಯಾವ ಗಾಡಿ ಯಾವ ಅಂಕಣದಲ್ಲಿ ಅಂತ ಕೂಗುವ ಕೆಲಸ. ಕೂಗಿ ಮುಗಿಸುವಷ್ಟರಲ್ಲಿ ಕಿಟಕಿಗೆ ಒಂದು ಮುಖ ಬರುತ್ತಿತ್ತು. "ಸಾರ್, ಧರ್ಮಸ್ಥಳ ಗಾಡಿ ಎಲ್ಲಿ?" ಈಗಷ್ಟೇ ಹೇಳಿದೆನಲ್ಲಪ್ಪ ಅಂತ ರೇಗುತ್ತಿದ್ದೆ. ಎಷ್ಟೋ ವರ್ಷ ಆದ ಮೇಲೆ ತಿಳಿಯಿತು, ತಪ್ಪು ಅವನದಲ್ಲ, ನಿಲ್ದಾಣದ್ದು. ಅವತ್ತಿನಿಂದ ಯಾವ ನಿಲ್ದಾಣಕ್ಕೆ ಹೋದರೂ ನನ್ನದು ಒಂದೇ ಅಳತೆ. ಒಳಗೆ ಕಾಲಿಟ್ಟವನು ಸೀಟಿನಲ್ಲಿ ಕೂರುವ ತನಕ ಎಷ್ಟು ಸಲ ದಾರಿ ಕೇಳಬೇಕಾಯಿತು?

ಹೋದ ತಿಂಗಳು ನಾನೂ ನಮ್ಮ ಮನೆಯವಳೂ ಕಾಶಿಗೆ ಹೊರಟೆವು. ಮಗ ಟಿಕೆಟ್ ಮಾಡಿಸಿದ್ದ. ವಿಮಾನ ಹೊರಡುವುದು ಟರ್ಮಿನಲ್ 2ರಿಂದ. ಮೈಸೂರಿನಲ್ಲಿ ಫ್ಲೈಬಸ್ ಹತ್ತಿದೆವು, ಇಳಿದದ್ದು ಸೀದಾ ವಿಮಾನ ನಿಲ್ದಾಣದಲ್ಲಿ. ನಡುವೆ ಮೆಜೆಸ್ಟಿಕ್ಕಿನಲ್ಲಿ ಇಳಿದು ಮೂಟೆ ಹೊರುವ ತಾಪತ್ರಯ ಇಲ್ಲ.

ಕೇಳಿದ್ದು ಎರಡೇ ಸಲ. ಬಸ್ಸಿಂದ ಇಳಿದ ತಕ್ಷಣ, ಎಡಕ್ಕಾ ಬಲಕ್ಕಾ ಅಂತ. ಇನ್ನೊಮ್ಮೆ ಶೌಚಾಲಯಕ್ಕೆ. ಅದರ ಬೋರ್ಡು ಕನ್ನಡದಲ್ಲೇ ಕಣ್ಣೆದುರಿಗಿತ್ತು, ನನ್ನ ಕನ್ನಡಕ ಬ್ಯಾಗಿನಲ್ಲಿತ್ತು. ಹಾಗಾಗಿ ಒಂದೂವರೆ ಅಂತ ಬರೆದುಕೊಳ್ಳಿ.

ಈ ಕಟ್ಟಡದ ಲೆಕ್ಕ ಸಣ್ಣದಲ್ಲ. ಸುಮಾರು 5,000 ಕೋಟಿ ರೂಪಾಯಿ ಖರ್ಚು, ಎರಡೂವರೆ ಲಕ್ಷ ಚದರ ಮೀಟರಿಗೂ ಜಾಸ್ತಿ ಜಾಗ, ವರ್ಷಕ್ಕೆ ಎರಡೂವರೆ ಕೋಟಿ ಪ್ರಯಾಣಿಕರಿಗೆ ಆಗುವಷ್ಟು. 2022ರ ನವೆಂಬರ್‌ನಲ್ಲಿ ಉದ್ಘಾಟನೆಯಾಯಿತು. 2023ರ ಜನವರಿ 15ರಂದು ಮೊದಲ ವಿಮಾನ ಹಾರಿದ್ದು ಕಲಬುರಗಿಗೆ. ಅದು ನನಗೆ ಇಷ್ಟವಾದ ಸಂಗತಿ. ದುಬೈಗೋ ಲಂಡನ್ನಿಗೋ ಅಲ್ಲ, ನಮ್ಮ ಕಲಬುರಗಿಗೆ.

ಒಳಗೆ ಹೋದರೆ ಚಾವಣಿಯೆಲ್ಲ ಬಿದಿರು. ಸುಮ್ನೆ ಕಡಿದು ತಂದ ಬಿದಿರಲ್ಲ, ಬೆಂಕಿ ಬೇಗ ಹತ್ತದಂತೆ ಹದ ಮಾಡಿದ್ದು. ಮೇಲಿಂದ ಗಂಟೆಗಳ ಹಾಗೆ ಗಿಡಗಳು ತೂಗುತ್ತವೆ. ಗೋಡೆಯ ಮೇಲೆ ನೀರು ಸುರಿಯುತ್ತದೆ. ಮನೆಯವಳು ನಿಂತೇ ಬಿಟ್ಟಳು. "ಏನ್ರೀ, ಕಾಶಿ ಅಂತ ಹೇಳಿ ಲಾಲ್‌ಬಾಗಿಗೆ ಕರ್ಕೊಂಡು ಬಂದ್ರಾ?"

ನನಗೆ ಆ ನೀರು ನೋಡಿ ನೆನಪಾದದ್ದು ಮೆಜೆಸ್ಟಿಕ್. ಅಲ್ಲಿ ಧರ್ಮಾಂಬುಧಿ ಕೆರೆ ಇತ್ತು. ಅದರ ಅಂಗಳದ ಮೇಲೆಯೇ ಬಸ್ ನಿಲ್ದಾಣ ಎದ್ದಿತು. ಕೆರೆ ಮುಚ್ಚಿ ನಿಲ್ದಾಣ ಕಟ್ಟಿದ ಊರು ಈಗ ನಿಲ್ದಾಣದೊಳಗೆ ನೀರು ಹರಿಸುತ್ತಿದೆ!

ಆದರೆ ನಾನು ಮೆಚ್ಚಿದ್ದು ನೀರಿಗೂ ಬಿದಿರಿಗೂ ಅಲ್ಲ. ತೋಟವನ್ನು ಎಲ್ಲಿಟ್ಟಿದ್ದಾರೆ ನೋಡಿ. ಚೆಕ್-ಇನ್ ಮಾಡುವ ದೊಡ್ಡ ಕಟ್ಟಡ ಒಂದು ಕಡೆ, ವಿಮಾನ ಹತ್ತುವ ಗೇಟುಗಳ ಸಾಲು ಇನ್ನೊಂದು ಕಡೆ. ಎರಡರ ನಡುವೆ ಸುಮಾರು 90 ಮೀಟರ್ ಅಗಲದ ತೋಪು. ಸೇತುವೆ ಮೇಲೆ ನಡೆದು ದಾಟಬೇಕು. ಪ್ರಯಾಣಿಕನ ಮನಸ್ಸು ಬಸ್ಸಿನವರಿಗೆ ಗೊತ್ತು. ಟಿಕೆಟ್, ಲಗೇಜು, ತಪಾಸಣೆ ಮುಗಿಯುವ ತನಕ ಅವನ ಕಣ್ಣಿಗೆ ಏನೂ ಕಾಣುವುದಿಲ್ಲ. ಮುಗಿದ ಮೇಲೆ ಒಂದು ಉಸಿರು ಬಿಡುತ್ತಾನೆ. ಸರಿಯಾಗಿ ಅಲ್ಲಿ ಮರಗಿಡ ಇದೆ.

ಇನ್ನೊಂದು, ಹೊರಡುವವರಿಗೆ ಮೇಲಿನ ಅಂತಸ್ತು, ಬರುವವರಿಗೆ ಕೆಳಗಿನದು. ಇಬ್ಬರೂ ಡಿಕ್ಕಿ ಹೊಡೆಯುವುದೇ ಇಲ್ಲ. ಇದರ ಬೆಲೆ ತಿಳಿಯಬೇಕಾದರೆ ನಾನು ಕೆಲಸ ಮಾಡಿದ ಒಂದು ನಿಲ್ದಾಣ ನೋಡಬೇಕಿತ್ತು. ಹೆಸರು ಬೇಡ. ಅಲ್ಲಿ ಶೌಚಾಲಯ ಅಂಗಳದ ಆ ತುದಿಗೆ. ಅಲ್ಲಿಗೆ ಹೋಗಬೇಕಾದರೆ ರಿವರ್ಸ್ ಬರುವ ಬಸ್ಸಿನ ಹಿಂದೆಯೇ ಹಾಯಬೇಕು. ಮಗುವನ್ನು ಎತ್ತಿಕೊಂಡ ತಾಯಂದಿರು ಓಡುವುದನ್ನು ನೋಡಿ ದಿನಾ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅದೂ ಸಾಲದು ಅಂತ, ಬಸ್ಸು ತಿರುಗುವ ಜಾಗದಲ್ಲೇ ಒಂದು ಕಂಬ. ಬಸ್ಸು 12 ಮೀಟರ್ ಉದ್ದ. ಅದರ ಬಾಲ ಎಷ್ಟು ಬೀಸುತ್ತದೆ ಅಂತ ನಕ್ಷೆ ಬರೆದವರು ಒಬ್ಬ ಡ್ರೈವರನ್ನು ಕೇಳಿದ್ದರೂ ಸಾಕಿತ್ತು. ವಾರಕ್ಕೊಂದು ಗಾಡಿ ಉಜ್ಜುತ್ತಿತ್ತು. ದೂರು ಕೊಟ್ಟೆವು. ಒಂದು ದಿನ ಆಳುಗಳು ಬಂದರು, ಕಂಬಕ್ಕೆ ಹಳದಿ ಕಪ್ಪು ಪಟ್ಟೆ ಬಳಿದು ಹೋದರು.

ಸರಕಿನ ಕಥೆ ಬೇರೆ. ನಮ್ಮ ಕಾಲದಲ್ಲಿ ಬಸ್ಸಿನ ಟಾಪಿನ ಮೇಲೆ ಹೂವಿನ ಮೂಟೆ, ಸೊಪ್ಪಿನ ಕಟ್ಟು, ಒಮ್ಮೊಮ್ಮೆ ಕೋಳಿ ಬುಟ್ಟಿ. ಅವನ್ನು ಏರಿಸುವ ತನಕ ಅಂಕಣ ಖಾಲಿಯಾಗದು, ಹಿಂದಿನ ಗಾಡಿಯವನು ಹಾರ್ನ್ ಬಿಡನು. ಇಲ್ಲಿ 2024-25ರಲ್ಲಿ ಸುಮಾರು 5 ಲಕ್ಷ ಟನ್ ಸರಕು ಹೋಗಿ ಬಂದಿದೆ. ಅದರಲ್ಲಿ ಗುಲಾಬಿ, ತರಕಾರಿಯಂಥ ಬೇಗ ಕೆಡುವ ಮಾಲೂ ಬೇಕಾದಷ್ಟು. ಅದಕ್ಕೆ ತಂಪಿನ ಗೋದಾಮು ಇದೆ, ಕಾರ್ಗೋ ಕಟ್ಟಡಗಳೇ ಬೇರೆ. ನಮ್ಮ ವಿಮಾನದ ಹೊಟ್ಟೆಯಲ್ಲೂ ಒಂದಿಷ್ಟು ಪೆಟ್ಟಿಗೆ ಇದ್ದಿರಬಹುದು. ನಮಗೆ ಒಂದೂ ಕಾಣಲಿಲ್ಲ. ಜನರ ದಾರಿ, ಮಾಲಿನ ದಾರಿ ಬೇರೆ ಬೇರೆ ಮಾಡುವುದೆಂದರೆ ಇದೇ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಕಟ್ಟಡಕ್ಕಲ್ಲ, ದಾರಿಗೆ. ಈ ವಿಮಾನ ನಿಲ್ದಾಣ ಶುರುವಾದದ್ದು 2008ರ ಮೇ ತಿಂಗಳಲ್ಲಿ. ಮೆಜೆಸ್ಟಿಕ್‌ನಿಂದ 35 ಕಿಲೋಮೀಟರ್ ಆಸುಪಾಸು. 2024ರಲ್ಲಿ ಇಲ್ಲಿಂದ ಓಡಾಡಿದವರು 4 ಕೋಟಿಗೂ ಜಾಸ್ತಿ. ಇಷ್ಟಕ್ಕೆಲ್ಲ ರಸ್ತೆಯೇ ಗತಿ. ಹತ್ತಿರದಲ್ಲಿ ಸಣ್ಣದೊಂದು ರೈಲು ಹಾಲ್ಟ್ ಬಂದದ್ದು 2021ರಲ್ಲಿ, ಮೆಟ್ರೊ ನೀಲಿ ಮಾರ್ಗದ ಕೆಲಸ ಇನ್ನೂ ನಡೆದಿದೆ. ಕಾರು, ಬಸ್ಸು, ಮೆಟ್ರೊ ಎಲ್ಲ ಒಂದೇ ಕಡೆ ಸೇರಲಿ ಅಂತ ಟರ್ಮಿನಲ್ ಎದುರಿಗೆ ದೊಡ್ಡ ಕಟ್ಟಡವನ್ನೇನೋ ಕಟ್ಟಿದ್ದಾರೆ. ಮದುವೆಗೆ ಚಪ್ಪರ ಹಾಕಿಯಾಗಿದೆ, ಗಂಡಿನ ಕಡೆಯವರು ಇನ್ನೂ ದಾರಿಯಲ್ಲಿದ್ದಾರೆ. ಮೆಟ್ರೊ ಬಂದ ದಿನ ಆ ಅಂಕ ವಾಪಸ್ ಕೊಡುತ್ತೇನೆ.

ಗೇಟಿನ ಹತ್ತಿರ ಕೂತು ಮನೆಯಿಂದ ತಂದ ಚಕ್ಕುಲಿ ಬಿಚ್ಚಿದ್ದೆವು. ಒಬ್ಬ ಅಜ್ಜಿ ಬೋರ್ಡಿಂಗ್ ಪಾಸ್ ಹಿಡಿದು, ಅಷ್ಟು ಜನರನ್ನು ಬಿಟ್ಟು ನನ್ನ ಹತ್ತಿರವೇ ಬಂದರು. "ಏನಪ್ಪಾ, ಇದು ಎಲ್ಲಿ ಬರ್ತದೆ?" ಚಕ್ಕುಲಿ ಕೆಳಗಿಟ್ಟು ಎದ್ದು ನಿಂತೆ. ಪಾಸ್ ಓದಿದೆ. ಕೈ ತಾನಾಗಿ ಮೇಲೆ ಹೋಯಿತು. "ನೇರ ಹೋಗಿ, ಎಡಗಡೆ ಎರಡನೇ ಗೇಟು. ಇನ್ನೂ ಅರ್ಧ ಗಂಟೆ ಇದೆ ಅಮ್ಮ, ಓಡಬೇಡಿ."

ಮನೆಯವಳು ತಲೆ ಚಚ್ಚಿಕೊಂಡಳು. "ಇಲ್ಲೂ ಶುರು ಮಾಡಿದ್ರಾ?"