ಕೀಬೋರ್ಡ್ ಇಲ್ಲದ ಝೆಪೆಲಿನ್: 'ಪ್ರೆಸೆನ್ಸ್' ಇನ್ನೊಮ್ಮೆ ಕೇಳಿದಾಗ

ಬ್ರಿಟಿಷ್ ರಾಕ್ ತಂಡ ಲೆಡ್ ಝೆಪೆಲಿನ್‌ನ ಆಲ್ಬಮ್‌ಗಳಲ್ಲಿ ಹೆಚ್ಚಿನವರು ಕೊನೆಗೆ ಕೈಹಾಕುವುದು 1976ರ 'ಪ್ರೆಸೆನ್ಸ್'ಗೆ. ಬಂದ ಹೊಸತರಲ್ಲಿ ಬ್ರಿಟನ್, ಅಮೆರಿಕ ಎರಡೂ ಕಡೆ ಮಾರಾಟದ ಪಟ್ಟಿಯ ತುದಿಗೇರಿತ್ತು, ಆಮೇಲೆ ಮೂಲೆಗೆ ಬಿತ್ತು. ದೂರು ಒಂದೇ: ಒಣಒಣ. ಕೀಬೋರ್ಡ್ ಇಲ್ಲ, ಮ್ಯಾಂಡೊಲಿನ್ ಇಲ್ಲ. ದೂರೇನೋ ಸರಿ. ಆದರೆ ಹಾಗೆ ಒಣಗಿರುವುದರಿಂದಲೇ ಜಿಮ್ಮಿ ಪೇಜ್ ಗಿಟಾರೂ ಜಾನ್ ಬೋನಮ್ ಡ್ರಮ್ಸೂ ಇಲ್ಲಿ ಇಷ್ಟು ಬಿಡಿಬಿಡಿಯಾಗಿ ಕೇಳಿಸುತ್ತವೆ.

1975ರ ಆಗಸ್ಟ್‌ನಲ್ಲಿ ಗ್ರೀಸ್‌ನ ರೋಡ್ಸ್ ದ್ವೀಪದಲ್ಲಾದ ಕಾರು ಅಪಘಾತದಲ್ಲಿ ಗಾಯಕ ರಾಬರ್ಟ್ ಪ್ಲಾಂಟ್ ತೀವ್ರವಾಗಿ ಗಾಯಗೊಂಡಿದ್ದರು. ನವೆಂಬರ್‌ನಲ್ಲಿ ಮ್ಯೂನಿಕ್‌ನ ಮ್ಯೂಸಿಕ್‌ಲ್ಯಾಂಡ್ ಸ್ಟುಡಿಯೋಗೆ ಬಂದಾಗಲೂ ಗಾಲಿಕುರ್ಚಿ ಬಿಟ್ಟಿರಲಿಲ್ಲ. ಝೆಪೆಲಿನ್ ಹಿಂದೆಯೇ ಸ್ಟುಡಿಯೋವನ್ನು ರೋಲಿಂಗ್ ಸ್ಟೋನ್ಸ್ ತಂಡ ಕಾದಿರಿಸಿತ್ತು. ಹಾಗಾಗಿ ಮಿಕ್ಸಿಂಗ್ (ಬೇರೆಬೇರೆ ದನಿಗಳನ್ನು ಹದವಾಗಿ ಬೆರೆಸುವುದು) ಸೇರಿ 18 ದಿನದಲ್ಲಿ ಕೆಲಸ ಮುಗಿಯಿತು.

ಮೊದಲು ಕೇಳಬೇಕಾದ್ದು ಹತ್ತೂವರೆ ನಿಮಿಷದ 'ಅಕಿಲೀಸ್ ಲಾಸ್ಟ್ ಸ್ಟ್ಯಾಂಡ್'. ಇದರಲ್ಲಿ ಜಾನ್ ಪಾಲ್ ಜೋನ್ಸ್ ನುಡಿಸಿರುವುದು ಎಂಟು ತಂತಿಯ ಬಾಸ್, ಅಂದರೆ ತಗ್ಗು ಸ್ವರದ ಗಿಟಾರ್: ನಾಲ್ಕು ಜೋಡಿ, ಪ್ರತಿ ಜೋಡಿಯಲ್ಲಿ ಒಂದು ತಂತಿ ಒಂದು ಸ್ಥಾಯಿ ಮೇಲೆ. ಮೊಬೈಲಿನ ಸ್ಪೀಕರಿನಲ್ಲಿ ಕೇಳಿದರೆ ತಗ್ಗು ಸ್ಥಾಯಿಯ ತಂತಿಯ ದನಿ ಮಾಯವಾಗಿ ಎಲ್ಲವೂ ಗಿಟಾರಿನ ಗದ್ದಲ ಅನಿಸುತ್ತದೆ. ಈ ಹಾಡು ಬೇಸರ ಬಂತು ಅನ್ನುವವರ ಅರ್ಧ ಸಮಸ್ಯೆ ಅಲ್ಲೇ ಇದೆ. ಹೆಡ್‌ಫೋನ್ ಹಾಕಿ. ಪೇಜ್ ಒಂದರ ಮೇಲೊಂದು ಪೇರಿಸಿದ ಗಿಟಾರ್ ಪದರಗಳನ್ನು ಮೊದಲ ಸಲ ಬಿಟ್ಟುಬಿಡಿ, ಬಾಸನ್ನಷ್ಟೇ ಹಿಂಬಾಲಿಸಿ. ಎರಡನೇ ಸಲ ಬೋನಮ್ ಅವರನ್ನು. ಕಿವಿ ಚುಚ್ಚಿದರೆ ಈಕ್ವಲೈಸರಿನಲ್ಲಿ (ದನಿಯ ಏರಿಳಿತ ಹೊಂದಿಸುವ ಸೆಟ್ಟಿಂಗ್) 3 ಕಿಲೋಹರ್ಟ್ಸ್ ಸುತ್ತ ಎರಡು ಡೆಸಿಬಲ್ ಇಳಿಸಿ. ತಗ್ಗು ದನಿ ಹೆಚ್ಚಿಸುವ ಬಾಸ್ ಬೂಸ್ಟ್ ಮಾತ್ರ ಬೇಡ, ಕಾಲಿನಲ್ಲಿ ಬಾರಿಸುವ ಕಿಕ್ ಡ್ರಮ್ ಊದಿಕೊಂಡು ಹಾಡಿನ ಓಟವೇ ಕುಂಟುತ್ತದೆ.

'ನೋಬಡೀಸ್ ಫಾಲ್ಟ್ ಬಟ್ ಮೈನ್'ನ ಬೇರು ಬ್ಲೈಂಡ್ ವಿಲ್ಲಿ ಜಾನ್ಸನ್ 1927ರಲ್ಲಿ ಹಾಡಿದ ಗಾಸ್ಪೆಲ್ ಬ್ಲೂಸ್ (ಕ್ರೈಸ್ತ ಭಕ್ತಿಯ ಸಾಹಿತ್ಯ, ಬ್ಲೂಸ್ ಧಾಟಿ). ಇದರ ಜೀವ ಇರುವುದು ಬಿಡುವುಗಳಲ್ಲಿ. ನಾಲ್ವರೂ ಒಟ್ಟಿಗೆ ನಿಂತು ಒಟ್ಟಿಗೆ ಎತ್ತಿಕೊಳ್ಳುವ ರೀತಿಗೆ ನಮ್ಮ ಮೃದಂಗದವರೂ ತಲೆದೂಗುತ್ತಾರೆ. 'ಫಾರ್ ಯುವರ್ ಲೈಫ್' ನಿಧಾನಕ್ಕೆ ಹಿಡಿಸುವಂಥದ್ದು. 2007ರ ಲಂಡನ್ ಸಂಗೀತ ಕಛೇರಿಯವರೆಗೂ ತಂಡ ಅದನ್ನು ವೇದಿಕೆಯಲ್ಲಿ ಪೂರ್ತಿ ನುಡಿಸಿರಲೇ ಇಲ್ಲ.

ಎಲ್ಲವೂ ಚಿನ್ನವಲ್ಲ. ಐವತ್ತರ ದಶಕದ ರಾಕ್ ಅಂಡ್ ರೋಲ್ ನೆನಪಿಸುವ 'ಕ್ಯಾಂಡಿ ಸ್ಟೋರ್ ರಾಕ್' ಒಂದು ನಿಮಿಷಕ್ಕೆ ಸಾಕೆನಿಸುತ್ತದೆ. 'ಟೀ ಫಾರ್ ಒನ್' ತಮ್ಮದೇ ಹಳೆಯ ನಿಧಾನ ಬ್ಲೂಸಿನ ನೆರಳು. ಒಂಬತ್ತೂವರೆ ನಿಮಿಷ ಎಳೆಯುವಷ್ಟು ಸರಕು ಅದರಲ್ಲಿಲ್ಲ. ಪ್ಲಾಂಟ್ ದನಿಯೂ ಅಲ್ಲಲ್ಲಿ ಗಿಟಾರಿನ ಅಡಿಗೆ ಸಿಕ್ಕಿಕೊಂಡಿದೆ.

ಎಲ್‌ಪಿ (ಗ್ರಾಮಫೋನ್ ತಟ್ಟೆ) ಕೊಳ್ಳುವವರು ಒಂದು ನೋಡಿಕೊಳ್ಳಿ: ಮೊದಲ ಬದಿ ಸುಮಾರು 20 ನಿಮಿಷ, ಎರಡನೆಯದು 24 ದಾಟುತ್ತದೆ. 'ಟೀ ಫಾರ್ ಒನ್' ಒಳಗಿನ ಗೆರೆಗಳಿಗೆ ಬೀಳುವುದರಿಂದ ಸವೆದ ಪ್ರತಿಯಲ್ಲಿ ಮೊದಲು ಕರಕರ ಎನ್ನುವುದು ಅದೇ. ಹಳೆಯ ಪ್ರತಿಯಾದರೆ ಅಂಗಡಿಯಲ್ಲೇ ಆ ಹಾಡಿನ ಕೊನೆಯ ಎರಡು ನಿಮಿಷ ಹಾಕಿಸಿ ಕೇಳಿ. ಇಲ್ಲವೇ ಮೂಲ ಧ್ವನಿಮುದ್ರಣವನ್ನು ಹೊಸದಾಗಿ ಹದಗೊಳಿಸಿದ 2015ರ ರೀಮಾಸ್ಟರ್ ಕೊಳ್ಳಿ. ಅದರ ಎರಡು ಡಿಸ್ಕಿನ ಆವೃತ್ತಿಯಲ್ಲಿ, ಆಗ ಕೈಬಿಟ್ಟಿದ್ದ ಒಂದು ಪಿಯಾನೊ ತುಣುಕೂ ಇದೆ. ಚೆಂದವಾಗಿದೆ, ಆದರೆ ಬಿಟ್ಟಿದ್ದೇ ಒಳ್ಳೆಯದಾಯಿತು.